ಗೌರಿ ಯಾಕೆ ಬೆದೆಗೆ ಬರಲಿಲ್ಲ?

ಹೋದ ವಾರ ಇನ್‌ಕಮ್ ಟ್ಯಾಕ್ಸ್ ಬಗ್ಗೆ ಮಾತಾಡಿದ್ದೆ, ಈ ವಾರ ಎಮ್ಮೆ ಬಗ್ಗೆ. ನಗಬೇಡಿ. ನಾನು ಬಿ.ಕಾಂ. ಓದಿದವನು ನಿಜ, ಆದರೆ ಆ ಫೀಸು ಕಟ್ಟಿದ್ದು ಧಾರವಾಡದ ಹತ್ತಿರ ಇರೋ ನಮ್ಮ ಕೊಟ್ಟಿಗೆ.

ಗೌರಿ ನಮ್ಮ ಮುರ್ರಾ ಎಮ್ಮೆ, ಸಾಲ ಮಾಡಿ ತಂದದ್ದು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಈಯುವಾಗ ಕರುವಿನ ಮುಂಗಾಲು ಮಡಚಿಕೊಂಡು ಸಿಕ್ಕಿಬಿತ್ತು. ನಾಲ್ಕು ಜನ ಹಿಡಿದು ಎಳೆದರು. ಕರು ಉಳೀತು, ಆದರೆ ಕಸ ಬೀಳಲಿಲ್ಲ. ಊರಿನ ಹಿರಿಯರೊಬ್ಬರು ಬಂದು ಜೋತಾಡ್ತಿದ್ದ ಕಸಕ್ಕೆ ಕಲ್ಲು ಕಟ್ಟಿದರು. 'ಕಸ ಬೀಳೂತನ ಕರುಗೆ ಹಾಲು ಬಿಡಬ್ಯಾಡ್ರಿ' ಅಂತಲೂ ಹೇಳಿದರು. ಮರುದಿನ ಕೈ ಹಾಕಿ ಎಳೆದೂ ತೆಗೆದರು. ನಾವು ಅವರಿಗೆ ಚಹಾ ಕೊಟ್ಟು ಕಳಿಸಿದ್ವಿ.

ಇಷ್ಟರಲ್ಲಿ ಎಷ್ಟು ತಪ್ಪಿತ್ತು ಅಂತ ಆಮೇಲೆ ಗೊತ್ತಾಯ್ತು. ಕರು ಮೊಲೆ ಚೀಪಿದಾಗಲೇ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಬಿಡುಗಡೆ ಆಗಿ ಗರ್ಭಕೋಶ ಹಿಂಡುತ್ತೆ, ಕಸ ಬೀಳೋಕೆ ಅದೇ ಸಹಾಯ. ನಾವು ಅದನ್ನೇ ತಡೆದಿದ್ವಿ. ಕೈಯಿಂದ ಎಳೆದರೆ ಒಳಗೆ ತುಣುಕು ಉಳಿದು ಕೊಳೆಯುತ್ತೆ, ಗಾಯಕ್ಕೆ ಸೋಂಕು ತಗಲುತ್ತೆ. 12 ಗಂಟೆ ಆದರೂ ಕಸ ಬೀಳದಿದ್ದರೆ ಡಾಕ್ಟರನ್ನೇ ಕರೀಬೇಕು. 1962ಕ್ಕೆ ಫೋನ್ ಮಾಡಿ, ಅದು ಟೋಲ್ ಫ್ರೀ.

ದೀಪಾವಳಿ ಬಂದರೂ ಗೌರಿ ಬೆದೆಗೆ ಬರಲಿಲ್ಲ. 'ಇದನ್ನ ಸಂತಿಗೆ ಹೊಡಿಯೋಣು' ಅಂದ ಅಪ್ಪ. ಹೊಸ ಹಗ್ಗವನ್ನೂ ತಂದಿಟ್ಟಿದ್ದ. ನಾನು ಮೊಬೈಲಲ್ಲಿ ಲೆಕ್ಕ ಹಾಕಿದೆ: ಹಿಂಡಿ, ಮೇವು ಸೇರಿ ನಮ್ಮ ಮನೆಯಲ್ಲಿ ದಿನಕ್ಕೆ 200 ರೂಪಾಯಿ. ಬೆದೆ ಬರೋದು ಸುಮಾರು 21 ದಿನಕ್ಕೊಮ್ಮೆ. ಒಂದು ಬೆದೆ ತಪ್ಪಿದರೆ 4,200 ಹೋಯ್ತು, ಮುಂದಿನ ಕರುವೂ ಅಷ್ಟು ದಿನ ಹಿಂದೆ ಬಿತ್ತು. ಮಾರಿದರೆ ಸಾಲದ ಅರ್ಧವೂ ತೀರ್ತಿರಲಿಲ್ಲ.

'ಒಂದ್ಸಲ ಡಾಕ್ಟರ್ ನೋಡ್ಲಿ, ಅಪ್ಪಾ' ಅಂದೆ. ಅವರು ಕೈ ಹಾಕಿ ನೋಡಿ, ಗರ್ಭಕೋಶದಲ್ಲಿ ಕೀವು ತುಂಬಿದೆ ಅಂದರು. ಹೀಗೆ ತುಂಬಿದಾಗ ದೇಹ ಗಬ್ಬ ನಿಂತಿದೆ ಅಂದ್ಕೊಂಡು ಬೆದೆಯನ್ನೇ ನಿಲ್ಲಿಸಿಬಿಡುತ್ತಂತೆ! ಇಂಜೆಕ್ಷನ್ ಕೊಟ್ಟ ಮೇಲೆ ಕೀವು ಹೊರಗೆ ಬಂತು. ದಿನಾ 50 ಗ್ರಾಂ ಖನಿಜ ಮಿಶ್ರಣ ಹಿಂಡಿಯಲ್ಲಿ ಕಲಸಿ ಕೊಡೋಕೆ ಹೇಳಿದರು.

ಆಮೇಲಿನ ಕೆಲಸ ನಂದು. ಎಮ್ಮೆ ಬೆದೆ ಆಕಳಿನ ಹಾಗಲ್ಲ, ಗಲಾಟೆ ಕಡಿಮೆ. ಅದಕ್ಕೇ ಮೂಕ ಬೆದೆ ಅನ್ನೋದು. ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ ಕಾಣುತ್ತೆ. ಬೆಳಿಗ್ಗೆ 5ಕ್ಕೆ ಅಲಾರಂ ಇಟ್ಟು ಹೋಗ್ತಿದ್ದೆ. ಪದೇ ಪದೇ ಉಚ್ಚೆ ಹೊಯ್ಯೋದು, ಹಾಲು ಇದ್ದಕ್ಕಿದ್ದಂತೆ ಇಳಿಯೋದು, ಮಲಗಿದ್ದ ಜಾಗದಲ್ಲಿ ಲೋಳೆ: ಇವೇ ಗುರುತು. ಬೇಸಿಗೆಯಾಗಿದ್ದರೆ ಇದೂ ಸರಿಯಾಗಿ ಕಾಣಲ್ಲ, ನಮ್ಮ ಪುಣ್ಯ ಅದು ಚಳಿಗಾಲ.

ಮೊದಲ ಬೆದೆಯಲ್ಲಿ ಲೋಳೆ ಕಲಕಲಾಗಿತ್ತು. 'ಈಗ ಸೂಜಿ ಬೇಡ ತಮ್ಮಾ, ಇನ್ನೊಂದು ಬೆದೆ ಬಿಡು' ಅಂದರು ಡಾಕ್ಟರ್. ಆ 4,200 ನನಗೆ ಬಹಳ ಉರೀತು. ಮುಂದಿನ ಸಲ ಲೋಳೆ ಗಾಜಿನಷ್ಟು ತಿಳಿ. ನಸುಕಿನಲ್ಲಿ ಕಂಡಿದ್ದು, ಅದೇ ಸಂಜೆ ಕೃತಕ ಗರ್ಭಧಾರಣೆ ಮಾಡಿಸಿದ್ವಿ.

ಫೆಬ್ರುವರಿ ಕೊನೆಗೆ ಪರೀಕ್ಷೆ. ಡಾಕ್ಟರ್ ಅರ್ಧ ನಿಮಿಷ ಏನೂ ಮಾತಾಡಲಿಲ್ಲ. ಅಪ್ಪ ಗೂಟ ಹಿಡಿದು ನಿಂತಿದ್ದ. 'ಗಬ್ಬ ನಿಂತೈತಿ' ಅಂದರು. ಅಪ್ಪ ಒಳಗೆ ಹೋಗಿ ಅವ್ವನಿಗೆ ಹೇಳಿದ್ದು ನಮಗೆ ಹೊರಗೇ ಕೇಳಿಸ್ತು.

ದಸರಾ ಹೊತ್ತಿಗೆ ಗೌರಿ ಹೆಣ್ಣುಗರು ಹಾಕಿದಳು. ಆ ಹಿರಿಯರು ಈ ಸಲವೂ ಬಂದಿದ್ದರು. ಅವರು ಬರೋ ಹೊತ್ತಿಗೆ ಕರು ಗಿಣ್ಣದ ಹಾಲು ಕುಡೀತಾ ಇತ್ತು, ಕಸ ಐದು ತಾಸಿಗೆ ತಾನಾಗಿಯೇ ಬಿತ್ತು. ಹೊಸ ಹಗ್ಗದಲ್ಲಿ ಈಗ ಆ ಕರು ಕಟ್ಟಿದೀವಿ. ಮುಂದಿನ ವಾರ ಡೈರಿಯಲ್ಲಿ ಫ್ಯಾಟ್ ಲೆಕ್ಕ ಹೇಗೆ ಹಾಕ್ತಾರೆ ಅಂತ ಹೇಳ್ತೀನಿ.