ಸ್ಕಾದರ್ಲಿಯಾದ ಬಾಕಿ

ಪರದೇಶದಿಂದ ಮರಳಿದವರನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ "ಏನೇನು ನೋಡಿದಿರಿ?" ಎಂಬುದು, ಎರಡನೆಯದು "ಊಟಕ್ಕೆ ಏನು ಮಾಡಿದಿರಿ?" ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರವಾಗಬಲ್ಲ ಬೀದಿಯೊಂದು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿದೆ. ಅದರ ಹೆಸರು ಸ್ಕಾದರ್ಲಿಯಾ. ಊರಿನ ನಡುವಣ ಗಣರಾಜ್ಯ ಚೌಕದ ಸಮೀಪದಿಂದ ಹೊರಟು, ಬಾಯ್ಲೋನಿ ಸಂತೆಯ ಕಡೆಗೆ ಇಳಿಜಾರಾಗಿ ಸಾಗುವ ಈ ಬೀದಿಯ ಉದ್ದ ಸುಮಾರು 400 ಮೀಟರು. ಆದರೆ ಕವಿಗಳು, ನಟರು, ಚಿತ್ರಕಾರರು, ಹಾಡುಗಾರರು ಒಂದು ಶತಮಾನಕ್ಕೂ ಮಿಕ್ಕಿ ಅಲ್ಲಿ ಕುಳಿತು ಕಳೆದ ರಾತ್ರಿಗಳ ಉದ್ದವನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ.

ಕಳೆದ ವರ್ಷದ ಮೇ ತಿಂಗಳಿನಲ್ಲಿ, ನನ್ನ ಮಗಳು ಉದ್ಯೋಗದ ನಿಮಿತ್ತ ಆ ಊರಿನಲ್ಲಿದ್ದಾಗ, ಒಂದು ಸಂಜೆ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬೀದಿಗೆ ಹಾಸಿರುವುದು ಡಾಂಬರಲ್ಲ, ಉಬ್ಬುತಗ್ಗಾದ ಕಲ್ಲು. "ಅಪ್ಪಾ, ಕಾಲು ನೋಡಿಕೊಂಡು ಇಡ್ರಿ" ಎಂದು ಮಗಳು ಎಚ್ಚರಿಸುತ್ತ ನಡೆದಳು. ಮಂಡಿನೋವಿನವನಾದ ನಾನು ನೆಲ ನೋಡುತ್ತ ನಡೆದುದರಿಂದಲೇ ಇರಬೇಕು, ಆ ಸಂಜೆಯುದ್ದಕ್ಕೂ ನನ್ನ ಲಕ್ಷ್ಯವೆಲ್ಲ ಬೀದಿಯ ಬೆಳಕಿಗಿಂತ ಹೆಚ್ಚಾಗಿ ಅದರ ಬುಡದ ಕಡೆಗೇ ಹರಿಯಿತು.

ಅಲ್ಲಿಯ ಊಟದ ಮನೆಗಳಿಗೆ 'ಕಫಾನಾ' ಎನ್ನುತ್ತಾರೆ. ಕನ್ನಡದ ಮಾಸ್ತರನಾಗಿ ಜೀವ ಸವೆಸಿದವನ ಕಿವಿಗೆ ಈ ಶಬ್ದ ಪರಕೀಯವೆನಿಸಲಿಲ್ಲ. ತುರ್ಕರ 'ಕಹ್ವೆಹಾನೆ' ಎಂಬುದೇ ಅಲ್ಲಿ ಕಫಾನಾ ಆಗಿದೆ. ಅದರ ಉತ್ತರಾರ್ಧ ಪಾರಸಿಯ 'ಖಾನೆ', ಅಂದರೆ ಮನೆ. ನಮ್ಮ ಕಾರಖಾನೆ, ದವಾಖಾನೆ, ಬಂದೀಖಾನೆಗಳಲ್ಲಿ ಇರುವುದೂ ಅದೇ. ಅಂಗಡಿಗೆ ಅವರು 'ದುಚಾನ್' ಎಂದರೆ ನಾವು ದುಕಾನು ಎನ್ನುತ್ತೇವೆ. ಅವರ 'ಶೆಚೆರ್' ನಮ್ಮ ಸಕ್ಕರೆಯ ದೂರದ ನಂಟ. ಅಲ್ಲಿಯೂ ತುರ್ಕರು ಆಳಿದರು, ಇಲ್ಲಿಯೂ ಸುಲ್ತಾನರು ಆಳಿದರು. ರಾಜ್ಯಗಳು ಅಳಿದ ಮೇಲೂ ಶಬ್ದಗಳು ಜನರ ನಾಲಗೆಯ ಮೇಲೆ ಉಳಿದವು.

ಕಫಾನಾಗಳ ಹೆಸರುಗಳು ಇನ್ನೂ ಸೊಗಸು. 1864ರಷ್ಟು ಹಳೆಯದಾದ ಒಂದರ ಹೆಸರು 'ತ್ರಿ ಶೆಶಿರಾ', ಅಂದರೆ ಮೂರು ಟೊಪ್ಪಿಗೆಗಳು. ಆ ಕಟ್ಟಡದಲ್ಲಿ ಹಿಂದೆ ಇದ್ದ ಕುಶಲಕರ್ಮಿಯೊಬ್ಬನ ಕೆಲಸದ ಮನೆಗೆ ತಗಡಿನ ಮೂರು ಟೊಪ್ಪಿಗೆಗಳ ಗುರುತು ತೂಗುತ್ತಿತ್ತಂತೆ, ಅದೇ ಹೆಸರಾಯಿತು. ಇನ್ನೊಂದು 'ದ್ವಾ ಯೆಲೆನಾ', ಎರಡು ಸಾರಂಗಗಳು. ಮತ್ತೊಂದು 'ಇಮಾ ದಾನಾ', ಇನ್ನೂ ದಿನಗಳಿವೆ ಎಂದರ್ಥ. ಬಾಕಿ ಕೊಡಬೇಕಾದವನಿಗೆ ಇದಕ್ಕಿಂತ ಸಮಾಧಾನದ ಹೆಸರುಂಟೆ? ಈ ದ್ವಾ, ತ್ರಿ, ದಾನ್‌ಗಳು ನಮ್ಮ ಪುಸ್ತಕಗಳಲ್ಲಿಯ ದ್ವಿ, ತ್ರಿ, ದಿನಗಳ ಒಡಹುಟ್ಟುಗಳೆಂಬುದನ್ನು ಕೇಳುಗರಿಗೆ ಬೇರೆ ಹೇಳಬೇಕಾಗಿಲ್ಲ.

ಊಟದ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಆ ಬೀದಿ ಮಾಂಸಾಹಾರಿಗಳ ಸ್ವರ್ಗ, ನಿಜ. ಆದರೆ ಉಳ್ಳಾಗಡ್ಡಿ ಹಾಕಿ ಹದವಾಗಿ ಬೇಯಿಸಿದ ಬಿಳಿಯ ಕಾಳು, ಮೆಕ್ಕೆಜೋಳದ ಹಿಟ್ಟಿನ ರೊಟ್ಟಿಯಂಥ 'ಪ್ರೋಯಾ', ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಸುಟ್ಟು ಅರೆದ 'ಐವಾರ್' ಇವು ನನ್ನೆದುರು ಬಂದಾಗ, ಉತ್ತರ ಕರ್ನಾಟಕದವನಾದ ನನಗೆ ಇನ್ನೇನು ಬೇಕು? ಐವಾರ್ ನಮ್ಮ ರಂಜಕದ ತಂಗಿಯೇ ಸರಿ. ಸ್ವಭಾವ ಮಾತ್ರ ಸೌಮ್ಯ.

ಉಣ್ಣುತ್ತಿರುವಾಗಲೇ ಪಿಟೀಲು, ಅಕಾರ್ಡಿಯನ್ ಹಿಡಿದವರ ಮೇಳವೊಂದು ನಮ್ಮ ಮೇಜಿನ ಬಳಿಗೆ ಬಂದಿತು. ಹಳೆಯ ನಗರಗೀತೆಗಳನ್ನು ಮೇಜಿನಿಂದ ಮೇಜಿಗೆ ಹಾಡುತ್ತ ಹೋಗುವುದು ಅಲ್ಲಿಯ ರೂಢಿ. ಪಿಟೀಲಿನ ಮುದುಕ ತಾನು ರೋಮಾ ಜನಾಂಗದವನೆಂದೂ ನಾವು ಭಾರತದವರಿರಬೇಕೆಂದೂ ಮಗಳಿಗೆ ಹೇಳಿ, ಬೆರಳು ಮಡಿಸುತ್ತ ತನ್ನ ಮನೆಮಾತಿನಲ್ಲಿ ಎಣಿಸತೊಡಗಿದ: ಯೇಕ್, ದುಯ್, ತ್ರಿನ್, ಶ್ತಾರ್, ಪಂಜ್. ನಾಲ್ಕಕ್ಕೆ ತಡವರಿಸಿದ ನಾನು ಐದಕ್ಕೆ ದನಿಗೂಡಿಸಿದೆ. ನೀರಿಗೆ ಏನೆನ್ನುತ್ತೀರೆಂದು ಕೇಳಿದರೆ 'ಪಾನಿ' ಎಂದ. ನಾವು ಜಿಪ್ಸಿಗಳೆಂದು ಕರೆದುಬಿಡುವ ಈ ಜನರ ಪೂರ್ವಿಕರು ಸಾವಿರ ವರ್ಷಗಳಷ್ಟು ಹಿಂದೆ ನಮ್ಮ ನೆಲದಿಂದ ಹೊರಟವರೆಂಬುದನ್ನು ನಾನು ಓದಿ ಬಲ್ಲೆ. ಕಿವಿಯಾರೆ ಕೇಳಿದುದು ಅಂದೇ ಮೊದಲು.

ಈ ಬೀದಿಯ ಮೊದಲ ಒಕ್ಕಲುಗಳು ಅವನ ಜನರೇ. ಸುಮಾರು 1830ರ ಹೊತ್ತಿಗೆ, ಹಳೆಯ ಕೋಟೆಗೋಡೆಯ ಮುಂದಿನ ಪಾಳುಬಿದ್ದ ಕಂದಕಗಳಲ್ಲಿ ಗುಡಿಸಲು ಹಾಕಿಕೊಂಡು ಅವರು ನೆಲೆಸಿದರು. 1854ರ ನಕಾಶೆ ತಯಾರಾಗುವ ವೇಳೆಗೆ ಗುಡಿಸಲುಗಳ ಜಾಗದಲ್ಲಿ ಇಟ್ಟಿಗೆಯ ಮನೆಗಳು ಎದ್ದಿದ್ದವು. ಕುಶಲಕರ್ಮಿಗಳು, ಸಣ್ಣಪುಟ್ಟ ನೌಕರರು ಬಂದು ಸೇರಿದ್ದರು. 'ಜಿಪ್ಸಿ ಕೇರಿ' ಎಂಬ ಹೆಸರು ಮಾತ್ರ 1872ರವರೆಗೆ ಉಳಿಯಿತು. ಆ ವರ್ಷ ಅದೂ ಹೋಗಿ, ಬೀದಿಗೆ ಸ್ಕಾದರ್ ಎಂಬ ಪಟ್ಟಣದ ಹೆಸರು ಬಂದಿತು. 1941ರಲ್ಲಿ ಸರ್ಬಿಯಾವನ್ನು ಆಕ್ರಮಿಸಿದ ಜರ್ಮನ್ ಸೈನ್ಯ ಯಹೂದ್ಯರೊಡನೆ ರೋಮಾ ಗಂಡಸರನ್ನೂ ಒತ್ತೆಯಾಳುಗಳಾಗಿ ಹಿಡಿದು ಗುಂಡಿಕ್ಕಿ ಕೊಂದಿತು. ಒಂದು ಕಾಲಕ್ಕೆ ತನ್ನವರ ಕೇರಿಯಾಗಿದ್ದ ಸ್ಥಳದಲ್ಲಿ ಆ ಮುದುಕ ಈಗ ಅನ್ಯರ ಮೇಜಿನ ಬಳಿ ನಿಂತು ನುಡಿಸುತ್ತಾನೆ, ಕೊಟ್ಟ ನೋಟನ್ನು ತಲೆಬಾಗಿ ತೆಗೆದುಕೊಳ್ಳುತ್ತಾನೆ.

ಸಾಹಿತಿಗಳು ಇಲ್ಲಿಗೆ ಬಂದದ್ದಕ್ಕೂ ಒಂದು ಕಾರಣವುಂಟು. ಊರಿನ ನಡುವೆ ದಾರ್ದಾನೆಲಿ ಎಂಬ ಹೆಸರಾಂತ ಕಫಾನಾ ಇದ್ದಿತು; ಲೇಖಕರು, ನಟರು ಕೂಡುತ್ತಿದ್ದುದು ಅಲ್ಲಿಯೇ. 1901ರಲ್ಲಿ ಅದನ್ನು ಕೆಡವಿದಾಗ, ಗೂಡು ಕಳೆದುಕೊಂಡ ಹಕ್ಕಿಗಳಂತೆ ಅವರೆಲ್ಲ ಸ್ಕಾದರ್ಲಿಯಾದ ಕಫಾನಾಗಳನ್ನು ಸೇರಿಕೊಂಡರು. ಅಲ್ಲಿಂದ ಮುಂದೆ ಈ ಬೀದಿಯ ಕೀರ್ತಿ ಬೆಳೆಯಿತು. 1960ರ ದಶಕದಲ್ಲಿ ವಾಸ್ತುಶಿಲ್ಪಿ ಉಗ್ಲೇಶಾ ಬೊಗುನೊವಿಚ್ ಅವರ ಯೋಜನೆಯಂತೆ ಬೀದಿಯ ಜೀರ್ಣೋದ್ಧಾರವೂ ನಡೆಯಿತು.

ಆದರೆ ಬೀದಿ ತನ್ನ ಕುಲದೈವವೆಂದು ಕೊಂಡಾಡುವುದು ಅದಕ್ಕೂ ಹಿಂದಿನ ಒಬ್ಬ ಕವಿಯನ್ನು. ಆತ ಜುರಾ ಯಾಕ್ಷಿಚ್, 1832ರಲ್ಲಿ ಹುಟ್ಟಿದವನು. ಕವಿ, ನಾಟಕಕಾರ, ಚಿತ್ರಕಾರ, ಹಳ್ಳಿಹಳ್ಳಿ ಅಲೆದ ಶಾಲಾ ಮಾಸ್ತರ, ಕೊನೆಗೆ ಸರಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವ. 1878ರಲ್ಲಿ, ತನ್ನ 46ನೆಯ ವಯಸ್ಸಿನಲ್ಲಿ, ಸಾಲದ ಹೊರೆ ಹೊತ್ತೇ ಈ ಬೀದಿಯ ಮನೆಯೊಂದರಲ್ಲಿ ತೀರಿಕೊಂಡ. ಇಂದು ಆ ಮನೆಯಲ್ಲಿ ಕವಿಗೋಷ್ಠಿಗಳು ನಡೆಯುತ್ತವೆ. ಎದುರಿಗೆ ಆತನ ಪ್ರತಿಮೆಯಿದೆ. ಪ್ರವಾಸಿಗರು ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ. ತನ್ನ ಬಾಕಿ ತೀರಿಸಲಾಗದೆ ಸತ್ತವನು ಈಗ ಇಡೀ ಬೀದಿಗೆ ಗಿರಾಕಿಗಳನ್ನು ಕರೆತರುವ ಯಜಮಾನನಾಗಿದ್ದಾನೆ.

ಇನ್ನು ಸ್ಕಾದರ್ ಎಂಬ ಹೆಸರು. ಆ ಪಟ್ಟಣ ಇಂದು ಅಲ್ಬೇನಿಯಾ ದೇಶದಲ್ಲಿದೆ. ಅದರ ಕೋಟೆ ಕಟ್ಟಿದ ಕಥೆಯನ್ನು ಹೇಳುವ ಸರ್ಬಿಯನ್ ಜನಪದ ಕಥನಗೀತೆಯೊಂದುಂಟು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವೂಕ್ ಕರಾಜಿಚ್ ಅದನ್ನು ರಾಷ್ಕೊ ಎಂಬ ಮುದಿ ಹಾಡುಗಾರನಿಂದ ಕೇಳಿ ಬರೆದುಕೊಂಡ. ಜರ್ಮನಿಯ ಯಾಕೋಬ್ ಗ್ರಿಮ್ ಅದನ್ನು ಬಹುವಾಗಿ ಮೆಚ್ಚಿದ. ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟುತ್ತಾರೆ. ಹಗಲು ಕಟ್ಟಿದ್ದು ಇರುಳು ಬೀಳುತ್ತದೆ. ಮರುದಿನ ಯಾರ ಹೆಂಡತಿ ಬುತ್ತಿ ತರುವಳೋ ಅವಳನ್ನು ಗೋಡೆಯಲ್ಲಿಟ್ಟು ಕಟ್ಟಬೇಕು, ಹೆಂಡಿರಿಗೆ ಯಾರೂ ಸುಳಿವು ಕೊಡಕೂಡದು ಎಂದು ಆಣೆಯಾಗುತ್ತದೆ. ಹಿರಿಯರಿಬ್ಬರು ಆಣೆ ಮುರಿಯುತ್ತಾರೆ. ಕಿರಿಯ ಗೊಯ್ಕೊ ಮಾತ್ರ ನಡೆಸುತ್ತಾನೆ. ಬುತ್ತಿ ತಂದ ಅವನ ಹೆಂಡತಿ, ಗೋಡೆ ಮೇಲೇರುತ್ತಿದ್ದರೂ ಮೊದಲು ಇದೇನೋ ವಿನೋದವೆಂದು ನಗುತ್ತಾಳೆ. ಕೊನೆಗೆ ಅವಳು ಬೇಡುವುದು, ಕೂಸಿಗೆ ಮೊಲೆಯೂಡಲು ಒಂದು ಕಂಡಿ, ಮನೆಯತ್ತ ನೋಡಲು ಒಂದು ಕಂಡಿ.

ಕೇಳುಗರಿಗೆ ಈಗಾಗಲೇ ನಮ್ಮ 'ಕೆರೆಗೆ ಹಾರ' ನೆನಪಾಗಿರಬೇಕು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಮನೆಯ ಹಿರಿಯರ ಲೆಕ್ಕಾಚಾರದಲ್ಲಿ ಕಿರಿಸೊಸೆ ಭಾಗೀರಥಿಯೇ ಬಲಿಯಾಗುತ್ತಾಳೆ. ಗೋಡೆಯಲ್ಲಿ ಸೇರಿಹೋದ ಹೆಣ್ಣಿನ ಹಾಡುಗಳನ್ನು ಕುರಿತ ಲೇಖನಗಳನ್ನು ಜಾನಪದ ವಿದ್ವಾಂಸ ಅಲನ್ ಡಂಡೆಸ್ 1996ರಲ್ಲಿ ಒಂದು ಸಂಪುಟವಾಗಿ ಹೊರತಂದರು. ವಿದ್ಯಾರ್ಥಿಗಳಿಗೆ ನಾನು ಈ ಹಾಡನ್ನು ಪಾಠ ಹೇಳಿದವನು. ಆಶಯ, ವರ್ಗ, ಪಾಠಾಂತರ ಎಂದೆಲ್ಲ ಕರಿಹಲಗೆಯ ಮೇಲೆ ಬರೆದವನು. ಆದರೆ ಅಂದು ಆ ಹೆಸರು ಹೊತ್ತ ಬೀದಿಯಲ್ಲಿ ಕುಳಿತು, ತಟ್ಟೆಯಲ್ಲಿಯ ರೊಟ್ಟಿ ಮುರಿಯುತ್ತಿರುವಾಗ ನನಗೆ ನೆನಪಾದದ್ದು ಪಾಠವಲ್ಲ, ಧಾರವಾಡದ ಒಂದು ಖಾನಾವಳಿ.

ನನಗೊಬ್ಬ ಕವಿಮಿತ್ರನಿದ್ದ. ಚೆನ್ನಾಗಿ ಹಾಡುತ್ತಿದ್ದ, ಯಾವ ಕೆಲಸದಲ್ಲಿಯೂ ನಿಲ್ಲುತ್ತಿರಲಿಲ್ಲ. ನಾವಿಬ್ಬರೂ ಅದೇ ಖಾನಾವಳಿಯಲ್ಲಿ ಉಣ್ಣುತ್ತಿದ್ದೆವು. ಅದನ್ನು ನಡೆಸುತ್ತಿದ್ದವಳು ಗಂಡ ತೀರಿದ ಒಬ್ಬ ಹೆಣ್ಣುಮಗಳು; ಎಲ್ಲರಿಗೂ 'ಅವ್ವ'. ನನಗೆ ನೌಕರಿ ಸಿಕ್ಕಿತು, ಮನೆಯಾಯಿತು. ಅವನ ಉದ್ರಿ ಬೆಳೆಯುತ್ತ ಹೋಯಿತು. ನನ್ನಿಂದ ದುಡ್ಡು ಕೇಳಿಯಾನೆಂದು ನಾನು ಆ ಓಣಿಯನ್ನೇ ಬಿಟ್ಟು ಸುತ್ತುಹಾಕಿ ಕಾಲೇಜಿಗೆ ಹೋಗತೊಡಗಿದೆ. ಅವನು ತೀರಿಕೊಂಡಾಗ ಮಾತ್ರ ಸ್ಮಾರಕ ಸಮಿತಿಯ ಕಾರ್ಯದರ್ಶಿಯಾದೆ. ಚಂದಾ ಎತ್ತಿ, ಭಾವಚಿತ್ರ ಬಿಡಿಸಿ, ಸಭೆ ನೆರೆಸಿದೆ. "ಈ ಊರು ತನ್ನ ಕವಿಯನ್ನು ಹಸಿದಿರಗೊಡಲಿಲ್ಲ" ಎಂದು ಭಾಷಣ ಮಾಡಿ ಚಪ್ಪಾಳೆಯನ್ನೂ ಪಡೆದೆ. ಸಭೆ ಮುಗಿದ ಮೇಲೆ, ಅವನ ಬಾಕಿಯನ್ನು ಸಮಿತಿಯಿಂದ ಕೊಡಿಸಲೆ ಎಂದು ಅವ್ವನನ್ನು ಕೇಳಿದೆ. "ಆ ಪುಟಾ ನಾ ಯಾವಾಗೋ ಹರದೀನ್ರೀ ಮಾಸ್ತರ. ಉಂಡವರ ಲೆಕ್ಕಾ ಸತ್ತಮ್ಯಾಲ ಇಡಬಾರದು" ಎಂದಳು.

ನಾನು ಊರು ಎಂದು ಕೊಂಡಾಡಿದ್ದು ಆ ಒಬ್ಬಳನ್ನು. ಆಹ್ವಾನ ಪತ್ರಿಕೆಯಲ್ಲಿ ಹದಿನಾಲ್ಕು ಹೆಸರುಗಳಿದ್ದವು; ಅವಳದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನಾಲ್ಕು ವರ್ಷ ಅವಳ ಕೈಯ ರೊಟ್ಟಿ ತಿಂದರೂ ಅವಳ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ. ಈಗ ಆ ಖಾನಾವಳಿ ಇಲ್ಲ, ಅವಳೂ ಇಲ್ಲ.

ಸರ್ಬಿಯನ್ ಹಾಡಿನಲ್ಲಿ ಗೋಡೆಗೆ ಬಲಿಯಾದವಳಿಗೆ ಸ್ವಂತದ ಹೆಸರಿಲ್ಲ. ಹಾಡು ಅವಳನ್ನು 'ಗೊಯ್ಕೊವಿತ್ಸಾ' ಎನ್ನುತ್ತದೆ, ಗೊಯ್ಕೊನ ಹೆಂಡತಿ ಎಂದಷ್ಟೇ. ನಮ್ಮ ಹೆಣ್ಣುಮಕ್ಕಳು ಹಾಡುವಾಗ ಭಾಗೀರಥಿ ಎಂದು ಹೆಸರು ಹಿಡಿದೇ ಕರೆದರು. ಓದು ಬರಹ ಬಲ್ಲ ನನ್ನಿಂದ ಅಷ್ಟಾಗಲಿಲ್ಲ.

ಬಿಲ್ಲು ತೆತ್ತು ಏಳುವಾಗ ಆ ಪಿಟೀಲಿನ ಮುದುಕ ಇನ್ನೊಂದು ಮೇಜಿನ ಬಳಿ ನುಡಿಸುತ್ತಿದ್ದ. ಅವನು ಮುಗಿಸುವವರೆಗೆ ಕಾದೆ. ಮಗಳ ಮುಖಾಂತರ ಅವನ ಹೆಸರು ಕೇಳಿದೆ. ಹೇಳಿದ. ನನ್ನ ಹೆಸರು ಕೇಳಿದ. ನಾನೂ ಹೇಳಿದೆ.