ಒತ್ತಡದ ಕೋಣೆಗೆ ಹೋಗುವ ಮುನ್ನ



ಮಧುಮೇಹದಿಂದ ಕಾಲಿನ ಹುಣ್ಣು ಮಾಯದವರಿಗೆ, ಮುಚ್ಚಿದ ಕೋಣೆಯಲ್ಲಿ ಇದ್ದಲಿನ ವಿಷಗಾಳಿ ಸೇವಿಸಿದವರಿಗೆ, ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಈಗ ಒಂದು ಚಿಕಿತ್ಸೆಯುಂಟು. ರೋಗಿಯನ್ನು ಭದ್ರವಾದ ಕೋಣೆಯಲ್ಲಿ ಕೂಡಿಸಿ, ಹೊರಗಿನ ಗಾಳಿಗಿಂತ ಎರಡು, ಎರಡೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುತ್ತಾರೆ. ಒಂದು ಸಲಕ್ಕೆ ಸುಮಾರು ಒಂದೂವರೆ ಗಂಟೆ.

ಒತ್ತಡ ಏರುವಾಗ ಕಿವಿ ಅಮುಕಿದಂತಾಗುತ್ತದೆ. ಉಗುಳು ನುಂಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಜನ ಹೆದರುವುದು ಇದಕ್ಕೆ. ಶ್ವಾಸಕೋಶಕ್ಕೆ ಅಪಾಯವಿರುವುದು ಒತ್ತಡ ಇಳಿಯುವಾಗ.

ಒತ್ತಡ ಕಡಿಮೆಯಾದಷ್ಟೂ ಗಾಳಿ ಹಿಗ್ಗುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದಿಟ್ಟ. ಎರಡೂವರೆ ಪಟ್ಟು ಒತ್ತಡದಲ್ಲಿ ಒಂದು ಸೇರಿನಷ್ಟಿದ್ದ ಗಾಳಿ ಹೊರಗಿನ ಒತ್ತಡಕ್ಕೆ ಮರಳುವಾಗ ಎರಡೂವರೆ ಸೇರಾಗುತ್ತದೆ. ಉಸಿರಾಟ ಸರಾಗವಾಗಿದ್ದರೆ ಹೆಚ್ಚಾದದ್ದು ಬಾಯಿ ಮೂಗಿನಿಂದ ಹೊರಟುಹೋಗುತ್ತದೆ. ಆದರೆ ಉಬ್ಬಸದಿಂದ ಕಫ ಕಟ್ಟಿದ ನಾಳದ ಹಿಂದೆ, ವರ್ಷಗಟ್ಟಲೆ ಬೀಡಿ ಸೇದಿ ಎದೆಯಲ್ಲಿ ಎದ್ದ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿಗೆ ದಾರಿಯೆಲ್ಲಿ? ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ರಕ್ತದೊಳಕ್ಕೆ ನುಗ್ಗಿ ಮಿದುಳಿಗೂ ತಲಪಬಹುದು. ಶ್ವಾಸಕೋಶದ ಹೊರಗೆ, ಎದೆಗೂಡಿನಲ್ಲಿ ಮೊದಲೇ ಗಾಳಿ ತುಂಬಿದ್ದರೆ, ಅಂದರೆ ನ್ಯೂಮೊಥೊರಾಕ್ಸ್ ಇದ್ದರೆ, ಅದಕ್ಕೆ ಚಿಕಿತ್ಸೆಯಾಗುವವರೆಗೆ ಈ ಕೋಣೆ ಸಲ್ಲದು.

ಆದಕಾರಣವೇ ಮೊದಲು ಎದೆಯ ಎಕ್ಸ್‌ರೇ ತೆಗೆಸಿ, ಹತ್ತಾರು ಪ್ರಶ್ನೆ ಕೇಳುತ್ತಾರೆ. ಉಬ್ಬಸವುಂಟೆ? ಹಿಂದೆ ಕ್ಷಯವಾಗಿತ್ತೆ? ಎದೆಗೆ ಶಸ್ತ್ರಕ್ರಿಯೆಯಾಗಿದೆಯೆ? ಕ್ಯಾನ್ಸರಿಗೆ ಬ್ಲಿಯೋಮೈಸಿನ್ ಎಂಬ ಔಷಧಿ ಕೊಟ್ಟಿದ್ದರೆ? ಅದು ಶ್ವಾಸಕೋಶವನ್ನು ಕೆಡಿಸಬಲ್ಲದು. ಆಮ್ಲಜನಕ ಹೆಚ್ಚಾದರೆ ಆ ಕೇಡು ಬೆಳೆಯಬಹುದೆಂಬ ಅಂಜಿಕೆ ವೈದ್ಯರಿಗುಂಟು.

ಎದೆಯ ರೋಗವೆಂದರೆ ಕೆಲಸ ಹೋದೀತು, ಖೋಲಿಯವರು ದೂರವಿಟ್ಟಾರು ಎಂದು ಮುಚ್ಚಿಡುವ ರೂಢಿ ನಮ್ಮಲ್ಲುಂಟು. ಊರು ಬಿಟ್ಟು ದುಡಿಯುವವರ ಈ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇಲ್ಲಿ ಮುಚ್ಚಿಟ್ಟದ್ದು ಜೀವಕ್ಕೇ ಬಂದೀತು. ಎಕ್ಸ್‌ರೇಯೂ ಎಲ್ಲವನ್ನೂ ಹಿಡಿಯಲಾರದು. ಸಣ್ಣ ಗುಳ್ಳೆಗಳು ಅದರ ಕಣ್ಣಿಗೆ ತಪ್ಪುತ್ತವೆ. ಉಬ್ಬಸವುಂಟೆಂದ ಮಾತ್ರಕ್ಕೆ ಎಲ್ಲರನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಮೊದಲು ಅದನ್ನು ಹತೋಟಿಗೆ ತಂದು, ಆಮೇಲೆ ಯೋಚಿಸುತ್ತಾರೆ. ವೈದ್ಯರ ಭಾಷೆ ಬಾರದಿದ್ದರೆ, ಎರಡೂ ಬಲ್ಲ ಗೆಳೆಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಹಳೆಯ ಎಕ್ಸ್‌ರೇ, ಔಷಧಿ ಚೀಟಿಗಳು ಪೆಟ್ಟಿಗೆಯ ತಳದಲ್ಲಿದ್ದರೂ ಹುಡುಕಿ ತನ್ನಿ. (ಬೀಡಿ, ಬೆಂಕಿಪೆಟ್ಟಿಗೆ ಮಾತ್ರ ಮನೆಯಲ್ಲೇ ಇರಲಿ; ಆಮ್ಲಜನಕವಿದ್ದಲ್ಲಿ ಕಿಡಿಯೊಂದು ಸಾಕು.)

ನೆಗಡಿ, ಕೆಮ್ಮು, ಜ್ವರವಿದ್ದ ದಿನ ಒಳಗೆ ಹೋಗುವ ಮೊದಲೇ ಹೇಳಬೇಕು. ಒತ್ತಡ ಇಳಿಸುವಾಗ ಉಸಿರು ಹಿಡಿಯದೆ ಸಹಜವಾಗಿ ಆಡಿಸುತ್ತಿರಬೇಕು. ಆಗ ಎದೆ ಚುಚ್ಚಿದರೆ, ಉಸಿರು ಸಿಕ್ಕಿದಂತಾದರೆ, ಮುಗಿಯಲೆಂದು ಕಾಯದೆ ಒಳಗಿನಿಂದಲೇ ಕೂಗಿ ಹೇಳಬೇಕು. ಒತ್ತಡ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ನೋಡುತ್ತಾರೆ.