ಲ್ಯಾಪ್‌ಟಾಪು ಡಿ.ವಿ.ಡಿ.ಯಿಂದ ಏಳದಿದ್ದರೆ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರಿಗೆ ಅಲ್ಲಿನ ಕೋಟೆಯ ದಿಡ್ಡಿಬಾಗಿಲು ನೆನಪಿರಬಹುದು. ಹೆಬ್ಬಾಗಿಲು ಮುಚ್ಚಿದ್ದಾಗ ಒಳಹೋಗಲು ಇರುವ ಕಿರುಬಾಗಿಲಿಗೆ ದಿಡ್ಡಿಯೆಂದು ಹೆಸರು. ಲ್ಯಾಪ್‌ಟಾಪಿಗೂ ಅಂಥದೊಂದು ದಿಡ್ಡಿಯುಂಟು. ಒಳಗಿನ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಏಳದೆ ಹೋದಾಗ ಡಿ.ವಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿ ಕಡತಗಳನ್ನು ಹೊರತರಬಹುದು. ಆ ದಿಡ್ಡಿಯೂ ತೆರೆಯದಿದ್ದರೆ ಮಾಡಬೇಕಾದುದೇನು ಎಂಬುದೇ ಈ ಹೊತ್ತಿನ ಮಾತು.

ನನ್ನ ಬಳಿ ಹಳೆಯ ಲ್ಯಾಪ್‌ಟಾಪೊಂದಿದೆ. ವಿದ್ಯಾರ್ಥಿಗಳು ತಂತಮ್ಮ ಅಜ್ಜಿಯರಿಂದ ಬರೆದುಕೊಂಡು ತಂದ ಸೋಬಾನೆ ಪದಗಳನ್ನು ಮೂರು ವರ್ಷ ಕುಳಿತು ಅದರಲ್ಲಿ ನುಡಿ ತಂತ್ರಾಂಶದಿಂದ ಬೆರಳಚ್ಚು ಮಾಡಿದ್ದೆ. ಬೇರೆ ಪ್ರತಿ ಇಟ್ಟಿರಲಿಲ್ಲ. ಆ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ. ಒಂದು ಬೆಳಿಗ್ಗೆ ಯಂತ್ರ ಏಳಲಿಲ್ಲ. ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯ ಡಿ.ವಿ.ಡಿ. ಹಾಕಿದರೂ ಕಪ್ಪು ಪರದೆಯೇ ಉಳಿಯಿತು. “ಎಲ್ಲಾ ಅಳಿಸಿ ಹೊಸದಾಗಿ ಹಾಕಿಸಿಬಿಡಿ, ಮೇಷ್ಟ್ರೇ” ಎಂದರು ಪರಿಚಿತರೊಬ್ಬರು. ನನಗೆ ಮನಸ್ಸಾಗಲಿಲ್ಲ.

ವಾಕ್ಯ ಕೆಟ್ಟಿದ್ದರೆ ಪದಪದವಾಗಿ ಬಿಡಿಸಿ ನೋಡುವುದು ಪಂಡಿತರ ಅಭ್ಯಾಸ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ನೆರವಿನಿಂದ ಇಲ್ಲಿಯೂ ಹಾಗೆಯೇ ಮಾಡಿದೆ.

ಮೊದಲು ಸರದಿ. ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂಬ ಪಟ್ಟಿ ಯಂತ್ರದಲ್ಲಿರುತ್ತದೆ. ಚಾಲೂ ಮಾಡಿದೊಡನೆ ಎಫ್ 12, ಕೆಲವು ತಯಾರಿಕೆಗಳಲ್ಲಿ ಎಫ್ 9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತುತ್ತಿದ್ದರೆ ಆ ಪಟ್ಟಿ ಕಾಣುತ್ತದೆ, ಅದರಲ್ಲಿ ಡಿ.ವಿ.ಡಿ.ಯನ್ನು ಆರಿಸಬೇಕು. ವಿಂಡೋಸಿನ ಡಿ.ವಿ.ಡಿ.ಯಾದರೆ ‘ಯಾವುದಾದರೂ ಕೀಲಿ ಒತ್ತಿ’ ಎಂಬ ಸೂಚನೆ ಕೆಲವೇ ಕ್ಷಣ ಮಿನುಗುತ್ತದೆ. ತಪ್ಪಿದರೆ ಯಂತ್ರ ಹಾರ್ಡ್ ಡಿಸ್ಕಿಗೇ ಮರಳುತ್ತದೆ.

ಎರಡನೆಯದು ಓದುವ ಕಣ್ಣು. ಬೇರೆಡೆ ಸರಿಯಾಗಿ ನಡೆಯುವ ಡಿ.ವಿ.ಡಿ.ಯೊಂದನ್ನು ಹಾಕಿ ನೋಡಬೇಕು. ಧೂಳಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು. ಸುತ್ತ ತಿರುಗಿಸಿ ಉಜ್ಜಬಾರದು.

ಮೂರನೆಯದು ಅಪ್ಪಣೆ. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ ಹೊಸ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಂಟು. ತಾನು ಒಪ್ಪುವ ಸಹಿಯಿಲ್ಲದ ವ್ಯವಸ್ಥೆಯನ್ನು ಅದು ಒಳಬಿಡದು. ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಿ ಬಂದರೆ, ಕಡತಗಳಿಗೆ ಬಿಟ್‌ಲಾಕರ್ ಬೀಗವಿದೆಯೇ ಎಂದು ವಿಚಾರಿಸಿ, ಅದರ ರಿಕವರಿ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಈ ಮೂರೂ ನಮ್ಮಲ್ಲಿ ಸರಿಯಾಗಿಯೇ ಇದ್ದುವು. ಕೊನೆಗೆ ಡಿ.ವಿ.ಡಿ.ಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದ ಹುಡುಗಿ, “ಸಾರ್, ಇದರಲ್ಲಿ ಒಂದೇ ಫೈಲ್ ಇದೆ” ಎಂದಳು. ಹೆಸರಿನ ಕೊನೆಗೆ ಐ.ಎಸ್.ಒ. ಎಂದಿದ್ದ ಆ ಕಡತವನ್ನು ನಾನು ಹಾಗೆಯೇ ನಕಲು ಮಾಡಿದ್ದೆ. ರಾಗಿಯ ಮೂಟೆಯನ್ನು ಬಿಚ್ಚದೆ ಹೊಲದಲ್ಲಿಟ್ಟು ಪೈರು ಬರಲಿಲ್ಲವೆಂದು ಕೊರಗಿದಂತಾಗಿತ್ತು! ‘ಬರ್ನ್ ಡಿಸ್ಕ್ ಇಮೇಜ್’ ಎಂಬ ಆಜ್ಞೆಯಿಂದ ಬರೆದರೆ ಮಾತ್ರ ಮೂಟೆ ಬಿಚ್ಚುತ್ತದೆ. ಕಡತವು ಸಾಮಾನ್ಯ ಡಿ.ವಿ.ಡಿ.ಯ 4.7 ಗಿಗಾಬೈಟಿನೊಳಗೂ ಇರಬೇಕು. ಮೀರಿದರೆ ಪೆನ್‌ಡ್ರೈವೇ ಗತಿ.

ಹೊಸ ಡಿ.ವಿ.ಡಿ.ಯಿಂದ ಯಂತ್ರ ಎದ್ದಿತು. ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ, ಸೋಬಾನೆ ಪದಗಳನ್ನು ಮೊದಲು ಎರಡು ಪೆನ್‌ಡ್ರೈವುಗಳಿಗೆ ತುಂಬಿದೆವು. ಒಂದು ನನ್ನಲ್ಲಿದೆ, ಇನ್ನೊಂದು ಆ ಹುಡುಗಿಯಲ್ಲಿದೆ. ವಿಂಡೋಸನ್ನು ಹೊಸದಾಗಿ ಹಾಕಿಸಿದ್ದು ಆ ಮೇಲಿನ ಮಾತು.

ಯಂತ್ರವನ್ನು ಮತ್ತೆ ಕೊಳ್ಳಬಹುದು. ಹೋದ ಅಜ್ಜಿಯಿಂದ ಮತ್ತೆ ಪದ ಕೇಳಲಾಗದು. ಆದುದರಿಂದ ಅಳಿಸುವ ಮುನ್ನ ಒಂದೊಂದೇ ಬಾಗಿಲನ್ನು ತಟ್ಟಿ ನೋಡಿರಿ.